ಕೊಲೆಯನ್ನು ಕೊಲೆಯೆಂದೇ ದಾಖಲಿಸುವುದು: ಫ್ರೆಂಚ್ ಚಿತ್ರ ‘ಝಡ್’ ಹೇಳುವ ಕಥೆ

ಕಥೆಯ ಪಾತ್ರಗಳೂ ಘಟನೆಗಳೂ ಕೇವಲ ಕಾಲ್ಪನಿಕ, ಯಾರಿಗಾದರೂ ಹೋಲಿಕೆ ಕಂಡುಬಂದರೆ ಅದು ಆಕಸ್ಮಿಕ ಎಂಬ ಸಾಲನ್ನು ನಾವು ನೂರಾರು ಸಿನಿಮಾಗಳ ಆರಂಭದಲ್ಲಿ ಓದಿದ್ದೇವೆ. 1969ರ ಫೆಬ್ರವರಿಯಲ್ಲಿ ಫ್ರಾನ್ಸಿನಲ್ಲಿ ತೆರೆಕಂಡ ‘ಝಡ್’ ಚಿತ್ರದಲ್ಲಿ ಆ ಸಾಲು ತಲೆಕೆಳಗಾಗಿದೆ. ನಿಜ ಘಟನೆಗಳಿಗೆ, ಬದುಕಿರುವ ಅಥವಾ ಸತ್ತಿರುವ ವ್ಯಕ್ತಿಗಳಿಗೆ ಇಲ್ಲಿ ಹೋಲಿಕೆ ಕಂಡರೆ ಅದು ಆಕಸ್ಮಿಕವಲ್ಲ, ಉದ್ದೇಶಪೂರ್ವಕವಾದದ್ದು ಎಂದು ತೆರೆಯ ಮೇಲೆ ಬರೆದು, ಅದರ ಕೆಳಗೆ ನಿರ್ದೇಶಕ ಕೋಸ್ತಾ-ಗಾವ್ರಾಸ್ ಮತ್ತು ಚಿತ್ರಕಥೆಗಾರ ಹೋರ್ಹೆ ಸೆಂಪ್ರೂನ್ ತಮ್ಮ ಹೆಸರು ಹಾಕಿದ್ದಾರೆ. ಇಷ್ಟು ನೇರವಾಗಿ ಹೇಳಿದ ಚಿತ್ರ ಮುಂದಿನ ಎರಡು ಗಂಟೆಗಳಲ್ಲಿ ಘಟನೆ ನಡೆದ ದೇಶದ ಹೆಸರನ್ನು ಮಾತ್ರ ಎಲ್ಲಿಯೂ ಎತ್ತುವುದಿಲ್ಲ. ಸತ್ತ ನಾಯಕನಿಗೂ ಹೆಸರಿಲ್ಲ. ಅವನು ಬರಿಯ ‘ಸಂಸದ’. ಅವನ ಸಾವಿನ ತನಿಖೆ ನಡೆಸುವವನು ಬರಿಯ ‘ನ್ಯಾಯಾಧೀಶ’. ಮೊದಲ ಸಲ ನೋಡುವವರಿಗೆ ಈ ಚಿತ್ರ ರೋಚಕವಾಗಿ ಕಂಡರೂ ಅರ್ಧ ಮಾತ್ರ ತಿಳಿಯುವುದು ಇದೇ ಕಾರಣಕ್ಕೆ. 1969ರ ಯುರೋಪಿನ ಪ್ರೇಕ್ಷಕರಿಗೆ ಹೇಳದೆಯೇ ತಿಳಿದಿದ್ದ ಸಂಗತಿಗಳನ್ನು ನಾವು ಈಗ ಹುಡುಕಿ ತಿಳಿದುಕೊಳ್ಳಬೇಕಾಗುತ್ತದೆ.

ಆ ದೇಶ ಗ್ರೀಸ್. ಆ ಸಂಸದ ಗ್ರಿಗೋರಿಸ್ ಲಂಬ್ರಾಕಿಸ್. 1912ರಲ್ಲಿ ಹುಟ್ಟಿದ ಅವರು ವೈದ್ಯರು, ಅಥೆನ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದಲ್ಲಿ ಅಧ್ಯಾಪಕರು, ಬಡವರಿಗೆ ಚಿಕಿತ್ಸೆ ಕೊಡುತ್ತಿದ್ದವರು. ಯೌವನದಲ್ಲಿ ಅವರು ಉದ್ದಜಿಗಿತದ ಆಟಗಾರರಾಗಿದ್ದರು. 1936ರಲ್ಲಿ ಅವರು ಮಾಡಿದ ಗ್ರೀಸಿನ ದಾಖಲೆ 1959ರವರೆಗೆ ಅಳಿಯದೆ ಉಳಿದಿತ್ತು. 1961ರ ಚುನಾವಣೆಯಲ್ಲಿ ಎಡಪಂಥೀಯ ಒಕ್ಕೂಟದ ಕಡೆಯಿಂದ ಗೆದ್ದು ಸಂಸತ್ತಿಗೆ ಬಂದ ಅವರು ಅಣ್ವಸ್ತ್ರ ವಿರೋಧಿ ಶಾಂತಿ ಚಳವಳಿಯ ಮುಂಚೂಣಿಯಲ್ಲಿ ನಿಂತರು. 1963ರ ಏಪ್ರಿಲ್ 21ರಂದು ಮ್ಯಾರಥಾನ್‌ನಿಂದ ಅಥೆನ್ಸಿಗೆ ಶಾಂತಿ ನಡಿಗೆಯೊಂದನ್ನು ಏರ್ಪಡಿಸಲಾಗಿತ್ತು. ಸರ್ಕಾರ ಅದನ್ನು ನಿಷೇಧಿಸಿ, ಬಂದವರನ್ನೆಲ್ಲ ಪೊಲೀಸರಿಂದ ಹಿಡಿಸಿತು. ಸಂಸದನಿಗಿರುವ ಕಾನೂನಿನ ರಕ್ಷಣೆಯ ಬಲದಿಂದ ಲಂಬ್ರಾಕಿಸ್ ಒಬ್ಬರೇ, ಶಾಂತಿ ಚಿಹ್ನೆಯ ಬ್ಯಾನರನ್ನು ಎರಡೂ ಕೈಗಳಲ್ಲಿ ಎದೆಯ ಮುಂದೆ ಹಿಡಿದುಕೊಂಡು ಆ ದಾರಿಯಲ್ಲಿ ನಡೆದರು. ಒಂಟಿಯಾಗಿ ನಡೆಯುತ್ತಿರುವ ಅವರ ಆ ಛಾಯಾಚಿತ್ರ ಗ್ರೀಸಿನ ಜನರ ಮನಸ್ಸಿನಲ್ಲಿ ಇಂದಿಗೂ ಉಳಿದಿದೆ. ಕೊನೆಗೆ ಪೊಲೀಸರು ಅವರನ್ನೂ ಹಿಡಿದರು.

ಒಬ್ಬ ವೈದ್ಯ ಒಂದು ಬ್ಯಾನರ್ ಹಿಡಿದು ನಡೆದರೆ ಸರ್ಕಾರ ಅಷ್ಟೇಕೆ ಬೆದರಬೇಕು ಎಂಬ ಪ್ರಶ್ನೆಗೆ ಉತ್ತರ ಗ್ರೀಸಿನ ಅಂತರ್ಯುದ್ಧದಲ್ಲಿದೆ. ಎರಡನೆಯ ಮಹಾಯುದ್ಧ ಮುಗಿದ ಬೆನ್ನಿಗೇ, 1946ರಿಂದ 1949ರವರೆಗೆ, ಆ ದೇಶದಲ್ಲಿ ಕಮ್ಯುನಿಸ್ಟರಿಗೂ ಬ್ರಿಟನ್ ಮತ್ತು ಅಮೆರಿಕದ ಬೆಂಬಲವಿದ್ದ ಸರ್ಕಾರಕ್ಕೂ ಘೋರ ಯುದ್ಧ ನಡೆಯಿತು. ಗೆದ್ದವರು ಸೋತವರನ್ನು ಕ್ಷಮಿಸಲಿಲ್ಲ. ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಲಾಯಿತು. ಸರ್ಕಾರಿ ಕೆಲಸಕ್ಕೆ, ಪಾಸ್‌ಪೋರ್ಟಿಗೆ, ಎಷ್ಟೋ ಸಣ್ಣಪುಟ್ಟ ಪರವಾನಗಿಗಳಿಗೆ ಕೂಡ ‘ಸಾಮಾಜಿಕ ನಿಲುವಿನ ಪ್ರಮಾಣಪತ್ರ’ವೊಂದನ್ನು ಪೊಲೀಸರಿಂದ ತರಬೇಕಾಗಿತ್ತು, ಅಪ್ಪನೋ ಅಣ್ಣನೋ ಎಡಪಂಥೀಯನಾಗಿದ್ದರೆ ಅದು ಸಿಗುತ್ತಿರಲಿಲ್ಲ. ಚುನಾವಣೆ, ಸಂಸತ್ತು, ನ್ಯಾಯಾಲಯಗಳೆಲ್ಲ ಇದ್ದವು. ಆದರೆ ಅವುಗಳ ಹಿಂದೆ ಸೈನ್ಯ, ಪೊಲೀಸ್, ಅರಮನೆ ಮತ್ತು ಬಾಡಿಗೆ ಗೂಂಡಾಗಳು ಸೇರಿದ ಇನ್ನೊಂದು ವ್ಯವಸ್ಥೆ ಕೆಲಸ ಮಾಡುತ್ತಿತ್ತು. ಗ್ರೀಕರು ಅದನ್ನು ‘ಪರಾಕ್ರಾತೋಸ್’ ಎಂದು ಕರೆದರು. ಕನ್ನಡದಲ್ಲಿ ಅದನ್ನು ನೆರಳು ಪ್ರಭುತ್ವ ಎನ್ನಬಹುದು. ‘ಝಡ್’ ಚಿತ್ರದ ನಿಜವಾದ ಖಳನಾಯಕ ಈ ನೆರಳು ಪ್ರಭುತ್ವವೇ.

ನಿರ್ದೇಶಕರಿಗೆ ಇದು ಪುಸ್ತಕದಲ್ಲಿ ಓದಿದ ಸಂಗತಿಯಾಗಿರಲಿಲ್ಲ. 1933ರಲ್ಲಿ ಗ್ರೀಸಿನಲ್ಲಿ ಹುಟ್ಟಿದ ಕೋಸ್ತಾ-ಗಾವ್ರಾಸ್ ಅವರ ತಂದೆ ನಾಜಿಗಳ ವಿರುದ್ಧ ಎಡಪಂಥೀಯರ ಜೊತೆ ಸೇರಿ ಹೋರಾಡಿದವರು. ಯುದ್ಧದ ನಂತರ ಅದೇ ಅವರ ಅಪರಾಧವಾಯಿತು. ಮಗನಿಗೆ ತನ್ನ ದೇಶದಲ್ಲಿ ಉನ್ನತ ವ್ಯಾಸಂಗದ ಬಾಗಿಲು ಮುಚ್ಚಿತು. ಅವರು ಪ್ಯಾರಿಸಿಗೆ ಹೋಗಿ ಸಾಹಿತ್ಯ ಓದಿ, ಆಮೇಲೆ ಅಲ್ಲಿಯ ಸಿನಿಮಾ ಶಾಲೆ ಸೇರಿದರು. ಚಿತ್ರ ಫ್ರೆಂಚ್ ಭಾಷೆಯಲ್ಲಿದ್ದರೂ ಅದರ ಸಿಟ್ಟು ಗ್ರೀಕ್ ಎಂದು ನನಗೆ ಅನ್ನಿಸುವುದು ಈ ಕಾರಣದಿಂದ.

1963ರ ಮೇ 22ರ ರಾತ್ರಿ ಉತ್ತರ ಗ್ರೀಸಿನ ಥೆಸಲೊನೀಕಿ ನಗರದಲ್ಲಿ ಲಂಬ್ರಾಕಿಸ್ ಶಾಂತಿ ಸಭೆಯೊಂದರಲ್ಲಿ ಮಾತನಾಡಿ ಹೊರಬಂದರು. ಸಭಾಂಗಣದ ಹೊರಗೆ ವಿರೋಧಿಗಳ ಗುಂಪು ಕಿರುಚಾಡುತ್ತ ಕಲ್ಲು ತೂರುತ್ತಿತ್ತು. ಸುತ್ತಲೂ ಪೊಲೀಸರಿದ್ದರು, ಮೇಲಧಿಕಾರಿಗಳೂ ಇದ್ದರು. ಲಂಬ್ರಾಕಿಸ್ ರಸ್ತೆ ದಾಟುತ್ತಿದ್ದಾಗ ಮೂರು ಗಾಲಿಯ ಸರಕು ವಾಹನವೊಂದು, ನಮ್ಮ ಗೂಡ್ಸ್ ಆಟೋದಂಥದ್ದು, ವೇಗವಾಗಿ ನುಗ್ಗಿ ಬಂತು. ಅದರ ಹಿಂಭಾಗದಲ್ಲಿದ್ದವನು ದೊಣ್ಣೆಯಿಂದ ಅವರ ತಲೆಗೆ ಹೊಡೆದ. ಐದು ದಿನಗಳ ನಂತರ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಪೊಲೀಸರ ಮೊದಲ ಹೇಳಿಕೆ ಸರಳವಾಗಿತ್ತು: ಇದು ರಸ್ತೆ ಅಪಘಾತ.

ಆ ಹೇಳಿಕೆಯೇ ಉಳಿದುಬಿಡುತ್ತಿತ್ತೋ ಏನೋ. ಅದು ಉಳಿಯದಿರಲು ಕಾರಣ ಪಿತೂರಿ ಮಾಡಿದವರ ಲೆಕ್ಕದಲ್ಲಿ ಇಲ್ಲದಿದ್ದ ಇಬ್ಬರು. ಒಬ್ಬ, ಓಡುತ್ತಿದ್ದ ವಾಹನದ ಹಿಂಭಾಗಕ್ಕೆ ಜಿಗಿದು ದೊಣ್ಣೆಯವನ ಜೊತೆ ಸೆಣಸಿದ ಕಾರ್ಯಕರ್ತ. ಇನ್ನೊಬ್ಬ, ಮೇಲಿನವರ ಯೋಜನೆಯ ಅರಿವಿಲ್ಲದೆ ತನ್ನ ಕರ್ತವ್ಯವೆಂದು ಚಾಲಕನನ್ನು ಹಿಡಿದ ಸಂಚಾರಿ ಪೊಲೀಸ. ಅಥೆನ್ಸಿನಲ್ಲಿ ನಡೆದ ಶವಯಾತ್ರೆಯಲ್ಲಿ ಲಕ್ಷಾಂತರ ಜನ ಸೇರಿದರು. ಗೋಡೆಗಳ ಮೇಲೆ ರಾತ್ರೋರಾತ್ರಿ ಒಂದೇ ಅಕ್ಷರ ಕಾಣಿಸಿಕೊಂಡಿತು: ಝಡ್. ಗ್ರೀಕಿನಲ್ಲಿ ‘ಝಿ’ ಎಂದರೆ ‘ಅವನು ಬದುಕಿದ್ದಾನೆ’ ಎಂದರ್ಥ; ಆ ಪದದ ಮೊದಲ ಅಕ್ಷರವೇ ಕಾದಂಬರಿಗೂ ಚಿತ್ರಕ್ಕೂ ಹೆಸರಾಯಿತು.

ಕಾದಂಬರಿಯನ್ನು ಬರೆದವರು ವಸಿಲಿಸ್ ವಸಿಲಿಕೋಸ್. 1966ರಲ್ಲಿ ಪ್ರಕಟವಾದ ಆ ಪುಸ್ತಕಕ್ಕೆ ಅವರು ‘ಒಂದು ಅಪರಾಧದ ಕಾಲ್ಪನಿಕ ಸಾಕ್ಷ್ಯಚಿತ್ರ’ ಎಂಬ ಉಪಶೀರ್ಷಿಕೆ ಕೊಟ್ಟಿದ್ದರು. ಸಾಕ್ಷ್ಯಚಿತ್ರ ಎಂದ ಮೇಲೆ ಕಾಲ್ಪನಿಕ ಹೇಗಾದೀತು ಎಂದು ಕೇಳಬಹುದು. ಪ್ರಕರಣದ ದಾಖಲೆಗಳನ್ನು ಆಧರಿಸಿ ಅದರ ಹಂದರವನ್ನು ಕಟ್ಟಿದ ವಸಿಲಿಕೋಸ್, ದಾಖಲೆಗಳು ತಲುಪಲಾರದ ಕಡೆಗೆ, ಎಂದರೆ ಹೊಡೆದವನ ಬಡತನದೊಳಕ್ಕೆ, ಹೊಡೆಸಿಕೊಂಡವನ ಕೊನೆಯ ಯೋಚನೆಗಳೊಳಕ್ಕೆ, ವಿಧವೆಯಾದವಳ ಮೌನದೊಳಕ್ಕೆ ಕಾದಂಬರಿಕಾರನ ಸ್ವಾತಂತ್ರ್ಯದಿಂದ ಹೋದರು. ಪುಸ್ತಕ ಬಂದ ಮರುವರ್ಷ, 1967ರ ಏಪ್ರಿಲ್ 21ರಂದು, ಲಂಬ್ರಾಕಿಸ್ ಒಂಟಿಯಾಗಿ ನಡೆದ ದಿನಕ್ಕೆ ಸರಿಯಾಗಿ ನಾಲ್ಕು ವರ್ಷ ತುಂಬಿದ ದಿನ, ಸೇನೆಯ ಕರ್ನಲ್‌ಗಳು ಗ್ರೀಸಿನ ಅಧಿಕಾರವನ್ನು ಕಿತ್ತುಕೊಂಡರು. ವಸಿಲಿಕೋಸ್ ದೇಶದ ಹೊರಗೇ ಉಳಿಯಬೇಕಾಯಿತು. ಹೀಗೆ ಕಾದಂಬರಿ ಬರೆಯುವಾಗ ನಡೆದುಹೋದ ಅನ್ಯಾಯವಾಗಿದ್ದದ್ದು, ಚಿತ್ರ ತಯಾರಾಗುವ ಹೊತ್ತಿಗೆ ನಡೆಯುತ್ತಲೇ ಇರುವ ಅನ್ಯಾಯವಾಗಿತ್ತು.

ಚಿತ್ರಕಥೆಗಾರ ಸೆಂಪ್ರೂನ್ ಕೂಡ ಪರದೇಶಿಯೇ. ಸ್ಪೇನಿನಲ್ಲಿ ಹುಟ್ಟಿ, ನಾಜಿಗಳ ಬುಖೆನ್‌ವಾಲ್ಡ್ ಶಿಬಿರದಲ್ಲಿ ಕೈದಿಯಾಗಿದ್ದು ಬದುಕಿ ಬಂದವರು ಅವರು. ಸಂಗೀತ ಮಿಕಿಸ್ ಥಿಯೊಡೊರಾಕಿಸ್ ಅವರದು. ಆಗ ಅವರನ್ನು ಕರ್ನಲ್‌ಗಳ ಸರ್ಕಾರ ಕಾವಲಿನಲ್ಲಿರಿಸಿದ್ದರಿಂದ ಅವರ ಹಳೆಯ ರಚನೆಗಳನ್ನೇ ಚಿತ್ರಕ್ಕೆ ಅಳವಡಿಸಲಾಯಿತು. ಗ್ರೀಸಿನಲ್ಲಿ ಚಿತ್ರೀಕರಣ ಮಾಡುವ ಮಾತೇ ಇರಲಿಲ್ಲ. ಹಣ ಹೂಡಲು ನಿರ್ಮಾಪಕರು ಹಿಂಜರಿದಾಗ, ಚಿತ್ರದಲ್ಲಿ ಪತ್ರಿಕಾ ಛಾಯಾಗ್ರಾಹಕನ ಪಾತ್ರ ವಹಿಸಿದ ನಟ ಜಾಕ್ ಪೆರಾಂ ತಾವೇ ನಿರ್ಮಾಪಕರಾಗಿ ಅಲ್ಜೀರಿಯಾದ ಸಹಯೋಗ ಪಡೆದರು. 1962ರಲ್ಲಷ್ಟೇ ಫ್ರಾನ್ಸಿನಿಂದ ಸ್ವತಂತ್ರವಾಗಿದ್ದ ಆ ದೇಶದ ರಾಜಧಾನಿ ಅಲ್ಜಿಯರ್ಸಿನ ಬಿಳಿಗಟ್ಟಡಗಳು, ಮೆಡಿಟರೇನಿಯನ್ ಬಿಸಿಲು, ಚೌಕಗಳು ಥೆಸಲೊನೀಕಿಯಾಗಿ ತೆರೆಯ ಮೇಲೆ ಬಂದವು. ಫ್ರೆಂಚ್ ಮಾತಿನ, ಗ್ರೀಕ್ ಕಥೆಯ ಈ ಚಿತ್ರಕ್ಕೆ ಸಿಕ್ಕ ವಿದೇಶಿ ಭಾಷಾ ಚಿತ್ರದ ಆಸ್ಕರ್ ಪ್ರಶಸ್ತಿ ಅಲ್ಜೀರಿಯಾದ ಹೆಸರಿನಲ್ಲಿರುವುದು ಹೀಗೆ. ಅತ್ಯುತ್ತಮ ಚಿತ್ರದ ವಿಭಾಗದಲ್ಲೂ ಅದು ನಾಮನಿರ್ದೇಶನಗೊಂಡಿತ್ತು.

ಇನ್ನು ಚಿತ್ರದ ಹೃದಯಭಾಗಕ್ಕೆ ಬರೋಣ. ಯಾರು ಕೊಂದರು ಎಂಬ ಗುಟ್ಟನ್ನು ಕೊನೆಯವರೆಗೆ ಕಾಪಾಡುವುದು ಪತ್ತೇದಾರಿ ಕಥೆಯ ರೂಢಿ. ‘ಝಡ್’ ಆ ಗುಟ್ಟನ್ನು ಇಟ್ಟುಕೊಳ್ಳುವುದೇ ಇಲ್ಲ. ಮೊದಲ ದೃಶ್ಯದಲ್ಲೇ ಅಧಿಕಾರಿಗಳ ಸಭೆಯೊಂದು ನಡೆಯುತ್ತಿದೆ; ದ್ರಾಕ್ಷಿ ಬಳ್ಳಿಗೆ ತಗಲುವ ಬೂಜು ರೋಗದ ಬಗ್ಗೆ, ಅದಕ್ಕೆ ಯಾವಾಗ ಯಾವ ಔಷಧಿ ಸಿಂಪಡಿಸಬೇಕೆಂಬುದರ ಬಗ್ಗೆ ಉಪನ್ಯಾಸ ಮುಗಿಯುತ್ತಿದ್ದಂತೆ ಜನರಲ್ ಎದ್ದು ನಿಂತು, ಸಮಾಜಕ್ಕೂ ಹೀಗೆಯೇ ವಿಚಾರಗಳ ಬೂಜು ತಗಲುತ್ತದೆ, ಅದಕ್ಕೂ ಸಿಂಪಡಣೆ ಆಗಬೇಕು ಎನ್ನುತ್ತಾನೆ. ಮುಂದೆ ಸಭಾಂಗಣ ಕೊನೆಯ ಗಳಿಗೆಯಲ್ಲಿ ಕೈತಪ್ಪುವುದನ್ನೂ, ಗೂಂಡಾಗಳು ಜಮಾಯಿಸುವುದನ್ನೂ, ಪೊಲೀಸರು ಕೈಕಟ್ಟಿ ನಿಲ್ಲುವುದನ್ನೂ, ದೊಣ್ಣೆ ಬೀಸುವುದನ್ನೂ ನಾವು ಕಣ್ಣಾರೆ ಕಾಣುತ್ತೇವೆ. ಸಂಸದನ ಪಾತ್ರದಲ್ಲಿರುವ ಈವ್ ಮೊಂತಾಂ ಆಗಿನ ಫ್ರಾನ್ಸಿನ ಬಹುದೊಡ್ಡ ತಾರೆ. ಆ ತಾರೆಯನ್ನೇ ಚಿತ್ರ ಇಷ್ಟು ಬೇಗ ಕಳೆದುಕೊಳ್ಳುತ್ತದೆ. ನಮಗೆ ಎಲ್ಲವೂ ಗೊತ್ತು. ಹಾಗಾದರೆ ಉಳಿದ ಹೊತ್ತು ನಾವು ಕುರ್ಚಿಯ ತುದಿಗೆ ಬಂದು ಕೂರುವುದು ಏಕೆ? ನಮಗೆ ಗೊತ್ತಿರುವುದು ಸರ್ಕಾರಿ ಕಾಗದದ ಮೇಲೆ ಬರುತ್ತದೋ ಇಲ್ಲವೋ ಎಂಬ ಆತಂಕದಿಂದ. ಅಪಘಾತ ಎಂದು ಬರೆದಿರುವ ಕಡೆ ಕೊಲೆ ಎಂದು ಬರೆಯುವ ಕೈ ಯಾವುದು ಎಂಬುದೇ ಈ ಚಿತ್ರದ ಕುತೂಹಲ.

ಆ ಕೈ ತನಿಖಾ ನ್ಯಾಯಾಧೀಶನದು. ಭಾರತದ ಪ್ರೇಕ್ಷಕರಿಗೆ ಇಲ್ಲಿ ಒಂದು ತೊಡಕು ಎದುರಾಗುತ್ತದೆ. ನಮ್ಮಲ್ಲಿ ಎಫ್‌ಐಆರ್ ದಾಖಲಿಸುವವರು, ಸಾಕ್ಷಿಗಳ ಹೇಳಿಕೆ ಪಡೆಯುವವರು, ದೋಷಾರೋಪ ಪಟ್ಟಿ ಸಲ್ಲಿಸುವವರು ಪೊಲೀಸರು. ನ್ಯಾಯಾಧೀಶರು ಮುಖ್ಯವಾಗಿ ತಮ್ಮ ಮುಂದೆ ಬಂದದ್ದನ್ನು ತೂಗಿ ನೋಡುವವರು. ಫ್ರಾನ್ಸ್, ಗ್ರೀಸ್ ಮೊದಲಾದ ದೇಶಗಳ ಪದ್ಧತಿ ಬೇರೆ. ಅಲ್ಲಿ ಗಂಭೀರ ಪ್ರಕರಣಗಳ ತನಿಖೆಯನ್ನು ನ್ಯಾಯಾಂಗಕ್ಕೆ ಸೇರಿದ ಅಧಿಕಾರಿಯೊಬ್ಬ ತಾನೇ ಕೈಗೆತ್ತಿಕೊಳ್ಳುತ್ತಾನೆ. ಅವನು ಸಾಕ್ಷಿಗಳನ್ನು ತನ್ನ ಕೊಠಡಿಗೆ ಕರೆಸಿ ಪ್ರಶ್ನಿಸುತ್ತಾನೆ, ಗುಮಾಸ್ತ ಅಲ್ಲಿಯೇ ಹೇಳಿಕೆಯನ್ನು ಟೈಪ್ ಮಾಡುತ್ತಾನೆ, ವೈದ್ಯಕೀಯ ವರದಿಗಳನ್ನು ತರಿಸಿಕೊಳ್ಳುತ್ತಾನೆ, ಕೊನೆಗೆ ಯಾರ ಮೇಲೆ ಯಾವ ಆರೋಪ ಎಂಬುದನ್ನು ತೀರ್ಮಾನಿಸುತ್ತಾನೆ. ಇದರಿಂದ ಆಗುವ ಪರಿಣಾಮ ಬಹಳ ದೊಡ್ಡದು. ಪೊಲೀಸರೇ ಆರೋಪಿಗಳಾದಾಗ ಪೊಲೀಸರೇ ತನಿಖೆ ಮಾಡಬೇಕಾದ ಇಕ್ಕಟ್ಟು ಅಲ್ಲಿ ಕಡಿಮೆ. ಆದರೆ ಇಡೀ ಪ್ರಕರಣದ ಭಾರ ಒಬ್ಬ ಮನುಷ್ಯನ ಬೆನ್ನೆಲುಬಿನ ಮೇಲೆ ಬೀಳುತ್ತದೆ. ಆ ಬೆನ್ನು ಬಾಗಿದರೆ ಎಲ್ಲವೂ ಮುಗಿಯಿತು.

ಚಿತ್ರದಲ್ಲಿ ಆ ಪಾತ್ರ ವಹಿಸಿದ ಝಾಂ-ಲೂಯಿ ತ್ರಂತಿನ್ಯಾಂ ಅವರಿಗೆ 1969ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಅವರು ಏನನ್ನೂ ‘ಅಭಿನಯಿಸುವಂತೆ’ ಕಾಣುವುದಿಲ್ಲ. ಬಣ್ಣದ ಗಾಜಿನ ಕನ್ನಡಕದ ಹಿಂದೆ ಕಣ್ಣುಗಳು ಅರ್ಧ ಮರೆಯಾಗಿವೆ, ದನಿ ಏರುವುದಿಲ್ಲ, ಮುಖದಲ್ಲಿ ಕ್ರಾಂತಿಕಾರಿಯ ಬಿಸಿಯಿಲ್ಲ. ಈ ನ್ಯಾಯಾಧೀಶ ಎಡಪಂಥೀಯನೂ ಅಲ್ಲ. ವ್ಯವಸ್ಥೆಯ ಒಳಗೇ ಬೆಳೆದ, ಮೇಲಿನವರಿಗೆ ನಂಬಿಕಸ್ಥನಾಗಿ ಕಂಡ ಯುವಕ. ಮೇಲಿನವರು ಅವನನ್ನು ಕಂಡು ನಿರಾಳವಾಗಿರುವುದೂ ಆದ್ದರಿಂದಲೇ. ಆದರೆ ಅವನು ಪ್ರಾಮಾಣಿಕ ಗುಮಾಸ್ತನಂತೆ, ಒಂದು ಹೇಳಿಕೆಯ ಪಕ್ಕದಲ್ಲಿ ಇನ್ನೊಂದು ಹೇಳಿಕೆಯನ್ನಿಟ್ಟು ಓದುತ್ತ ಹೋಗುತ್ತಾನೆ. ಮರಣೋತ್ತರ ಪರೀಕ್ಷೆ ನಡೆಸಿದ ವೈದ್ಯರು, ತಲೆಬುರುಡೆ ಒಡೆದಿರುವುದು ಬಿದ್ದದ್ದರಿಂದಲ್ಲ, ಹೊಡೆತದಿಂದ ಎನ್ನುತ್ತಾರೆ. ವಾಹನಕ್ಕೆ ಜಿಗಿದವನನ್ನು ವರ್ಣಿಸುವಾಗ ಒಬ್ಬ ಗೂಂಡಾ ‘ಹುಲಿಯಂತೆ’ ಎಂಬ ಉಪಮೆ ಬಳಸಿರುತ್ತಾನೆ. ಘಟನೆಗೂ ತನಗೂ ಸಂಬಂಧವಿಲ್ಲ ಎನ್ನುವ ದೊಡ್ಡ ಅಧಿಕಾರಿಯ ಬಾಯಲ್ಲೂ ಅದೇ ಉಪಮೆ ಬರುತ್ತದೆ. ಬೇರೆ ಬೇರೆ ಬಾಯಿಗಳಲ್ಲಿ ಒಂದೇ ಮಾತು ಅಚ್ಚೊತ್ತಿದಂತೆ ಬಂದರೆ ಅದನ್ನು ಯಾರೋ ಕಲಿಸಿದ್ದಾರೆ ಎಂದೇ ಅರ್ಥ. ಬಂದೂಕಿನಿಂದಲ್ಲ, ಒಂದು ಉಪಮಾಲಂಕಾರದಿಂದ ಸಿಕ್ಕಿಬೀಳುವ ಅಪರಾಧಿಗಳನ್ನು ನಾನು ಬೇರೆ ಯಾವ ಚಿತ್ರದಲ್ಲೂ ಕಂಡಿಲ್ಲ.

ಸಾಕ್ಷಿ ಹೇಳಲು ಮುಂದೆ ಬರುವವನು ಶವಪೆಟ್ಟಿಗೆಗಳಿಗೆ ವಾರ್ನಿಷ್ ಹೊಡೆಯುವ ಸಾಮಾನ್ಯ ಕೆಲಸಗಾರ. ಅವನಿಗೆ ರಾಜಕೀಯ ಬೇಕಿಲ್ಲ, ಕಂಡದ್ದನ್ನು ಹೇಳಬೇಕಷ್ಟೇ. ನ್ಯಾಯಾಧೀಶನ ಕಚೇರಿಗೆ ಹೋಗುವ ದಾರಿಯಲ್ಲಿ ಅವನ ತಲೆಗೂ ಏಟು ಬೀಳುತ್ತದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಅವನನ್ನು ದೊಡ್ಡವರು ಬಂದು ನೋಡಿ, ನೀನು ಜಾರಿ ಬಿದ್ದಿರಬೇಕು ಎಂದು ಒಪ್ಪಿಸಲು ನೋಡುತ್ತಾರೆ. ಸ್ವಂತ ಮನೆಯವರೇ ಸುಮ್ಮನಿರು ಎನ್ನುತ್ತಾರೆ. ಅವನು ಮಣಿಯುವುದಿಲ್ಲ. ಸಂಸದನ ಸಾವನ್ನು ಅಪಘಾತ ಮಾಡಿದ ಯಂತ್ರವೇ ಒಬ್ಬ ಬಡವನ ತಲೆಯ ಗಾಯವನ್ನೂ ಅಪಘಾತ ಮಾಡಲು ಹೊರಟಿರುವುದನ್ನು ಹತ್ತಿರದಿಂದ ತೋರಿಸುವ ಈ ಭಾಗ ನನಗೆ ಕೊಲೆಯ ದೃಶ್ಯಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ.

ಕೊನೆಗೆ ಆರೋಪ ಹೊರಿಸುವ ಘಳಿಗೆ ಬರುತ್ತದೆ. ಎದೆಯ ತುಂಬ ಪದಕ ಧರಿಸಿದ ಅಧಿಕಾರಿಗಳು ಒಬ್ಬೊಬ್ಬರಾಗಿ ಆ ಸಣ್ಣ ಕೊಠಡಿಗೆ ಬರುತ್ತಾರೆ. ಪ್ರತಿಯೊಬ್ಬನಿಗೂ ನ್ಯಾಯಾಧೀಶ ಒಂದೇ ದನಿಯಲ್ಲಿ ಕೇಳುತ್ತಾನೆ: ಹೆಸರು, ಕುಲನಾಮ, ಉದ್ಯೋಗ. ಊರಿಗೆಲ್ಲ ಗೊತ್ತಿರುವ ಜನರಲ್‌ನನ್ನು ಉದ್ಯೋಗವೇನು ಎಂದು ಕೇಳುವುದರಲ್ಲಿ ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬ ಮಾತು ಮೊದಲ ಬಾರಿಗೆ ಮೈತಳೆದು ನಿಲ್ಲುತ್ತದೆ. ಟೈಪ್‌ರೈಟರಿನ ಕೀಲಿಗಳು ಗುಂಡಿನ ಸದ್ದಿನಂತೆ ಕೇಳಿಸುತ್ತವೆ. ಹೊರಗೆ ಹೋಗುವಾಗ ಅವರು ಬೀಗ ಹಾಕಿದ ಬಾಗಿಲನ್ನು ಎಳೆದಾಡಿ, ಮತ್ತೆ ಪತ್ರಕರ್ತರ ಕ್ಯಾಮೆರಾಗಳ ಎದುರಿಗೇ ಬರಬೇಕಾಗುತ್ತದೆ. ಡ್ರೇಫಸ್‌ನಂತೆ ನೀವೂ ಬಲಿಪಶುವೇ ಎಂದು ಪತ್ರಕರ್ತ ಕೇಳಿದಾಗ ಜನರಲ್ ಸಿಡಿದು, ಡ್ರೇಫಸ್ ತಪ್ಪಿತಸ್ಥನೇ ಎನ್ನುತ್ತಾನೆ. ಡ್ರೇಫಸ್ ಎಂಬ ಯಹೂದಿ ಸೇನಾಧಿಕಾರಿಗೆ 1894ರಲ್ಲಿ ಸುಳ್ಳು ದೇಶದ್ರೋಹದ ಆರೋಪದ ಮೇಲೆ ಶಿಕ್ಷೆಯಾಗಿ, 1906ರಲ್ಲಿ ಅವನು ನಿರಪರಾಧಿಯೆಂದು ಅಧಿಕೃತವಾಗಿ ಘೋಷಣೆಯಾಗಿತ್ತು. ಆ ಪ್ರಕರಣ ಗೊತ್ತಿರುವ ಫ್ರೆಂಚ್ ಪ್ರೇಕ್ಷಕರಿಗೆ ಜನರಲ್‌ನ ಇಡೀ ಮನಸ್ಸು ಆ ಒಂದು ಮಾತಿನಲ್ಲಿ ಕಂಡುಬಿಡುತ್ತದೆ.

ಇಷ್ಟೆಲ್ಲ ಕಾಗದಪತ್ರದ ಕೆಲಸ ಬೇಸರ ತರದಿರಲು ಸಂಕಲನಕಾರ್ತಿ ಫ್ರಾಂಸ್ವಾಜ್ ಬೊನೋ ಮುಖ್ಯ ಕಾರಣ. ಅವರ ಕೆಲಸಕ್ಕೂ ಆಸ್ಕರ್ ಬಂತು. ಸಾಕ್ಷಿ ಮಾತನಾಡುತ್ತಿರುವಾಗಲೇ ನೆನಪು ಮಿಂಚಿ ಮರೆಯಾಗುತ್ತದೆ. ಅದೇ ಘಟನೆಯನ್ನು ಬೇರೆಯವನು ಹೇಳಿದಾಗ ದೃಶ್ಯವೂ ಬೇರೆಯಾಗಿರುತ್ತದೆ. ಛಾಯಾಗ್ರಾಹಕ ರಾವುಲ್ ಕೂತಾರ್ ಅವರ ಕ್ಯಾಮೆರಾ ಜನಜಂಗುಳಿಯೊಳಗೆ ಸುದ್ದಿಚಿತ್ರ ತೆಗೆಯುವವನಂತೆ ಓಡಾಡುತ್ತದೆ. ಈ ವೇಗದ ಬಗ್ಗೆಯೇ ಆಗ ತಕರಾರು ಎದ್ದಿತ್ತು. ರಾಜಕೀಯವನ್ನು ರೋಚಕ ಕಥೆಯ ಅಚ್ಚಿನಲ್ಲಿ ಎರಕ ಹೊಯ್ದರೆ ಪ್ರೇಕ್ಷಕ ಸಿಟ್ಟನ್ನು ಸಭಾಂಗಣದಲ್ಲೇ ಖರ್ಚು ಮಾಡಿ ಮನೆಗೆ ಹೋಗುತ್ತಾನೆ, ಒಳ್ಳೆಯವರು ಕೆಟ್ಟವರು ಎಂಬ ಸರಳ ಭಾಗಾಕಾರ ಉಳಿಯುತ್ತದೆ ಎಂದು ಫ್ರಾನ್ಸಿನ ಕೆಲವು ಎಡಪಂಥೀಯ ವಿಮರ್ಶಕರೇ ವಾದಿಸಿದರು. ಈ ಆಕ್ಷೇಪದಲ್ಲಿ ಸ್ವಲ್ಪ ಸತ್ಯವಿದೆ. ದೊಣ್ಣೆ ಬೀಸಿದವನನ್ನು ಸಲಿಂಗಿಯೆಂದು ತೋರಿಸಿ, ಅದನ್ನೇ ಅವನ ಕೆಟ್ಟತನದ ಗುರುತಿನಂತೆ ಬಳಸಿರುವುದು ಇಂದು ಕಣ್ಣಿಗೆ ಚುಚ್ಚುತ್ತದೆ. ಆದರೂ ಒಟ್ಟಿನಲ್ಲಿ ನಾನು ನಿರ್ದೇಶಕರ ಪಕ್ಷ. ಗ್ರೀಸಿನ ಸೆರೆಮನೆಗಳ ಬಗ್ಗೆ ಲೇಖನ ಓದದ ಲಕ್ಷಾಂತರ ಜನ ಈ ಚಿತ್ರವನ್ನು ನೋಡಿದರು, ಮತ್ತು ಕರ್ನಲ್‌ಗಳು ಅದನ್ನು ತಮ್ಮ ದೇಶದಲ್ಲಿ ನಿಷೇಧಿಸಿದರು.

ಚಿತ್ರದ ಅಂತ್ಯ ರೋಚಕ ಕಥೆಯ ಅಚ್ಚನ್ನು ಒಡೆಯುತ್ತದೆ. ಅಧಿಕಾರಿಗಳ ಮೇಲೆ ಆರೋಪ ಹೊರಿಸಿದಾಗ ನಾವು ಗೆದ್ದೆವೆಂದುಕೊಳ್ಳುತ್ತೇವೆ. ಸುದ್ದಿ ಹೊತ್ತ ಯುವಕ ಸಂಸದನ ಹೆಂಡತಿಯ ಬಳಿ ಓಡುತ್ತಾನೆ. ಆ ಪಾತ್ರದಲ್ಲಿರುವ ಗ್ರೀಕ್ ನಟಿ ಇರೀನ್ ಪಾಪಾಸ್ ಅವರ ಮುಖದಲ್ಲಿ ಸಂತೋಷದ ಸುಳಿವೂ ಇಲ್ಲ. ಆಮೇಲಿನ ಸುದ್ದಿಗಳನ್ನು ತೆರೆ ತಣ್ಣಗೆ ಓದಿ ಹೇಳುತ್ತದೆ: ಸಾಕ್ಷಿಗಳು ಒಬ್ಬರ ಹಿಂದೆ ಒಬ್ಬರು ಸತ್ತರು, ನ್ಯಾಯಾಧೀಶನನ್ನು ತೆಗೆದುಹಾಕಲಾಯಿತು, ಅಧಿಕಾರಿಗಳು ಪಾರಾದರು, ಸೈನ್ಯ ಅಧಿಕಾರಕ್ಕೆ ಬಂತು. ನಂತರ ಹೊಸ ಸರ್ಕಾರ ನಿಷೇಧಿಸಿದವುಗಳ ಪಟ್ಟಿ ಮೇಲೇರುತ್ತ ಹೋಗುತ್ತದೆ. ಉದ್ದ ಕೂದಲು, ಮಿನಿ ಸ್ಕರ್ಟ್, ಸೊಫೊಕ್ಲಿಸ್, ಟಾಲ್‌ಸ್ಟಾಯ್, ಬೀಟಲ್ಸ್, ಸಮಾಜಶಾಸ್ತ್ರ, ಹೊಸ ಗಣಿತ, ಶಾಂತಿ ಚಳವಳಿಗಳು, ಕಟ್ಟಕಡೆಗೆ ಒಂದು ಅಕ್ಷರ.

ನಿಜ ಜೀವನದಲ್ಲಿ ನಡೆದದ್ದೂ ಇದಕ್ಕೆ ಹತ್ತಿರದ್ದೇ. 1966ರ ವಿಚಾರಣೆಯಲ್ಲಿ ವಾಹನದಲ್ಲಿದ್ದ ಇಬ್ಬರಿಗೂ ಕೊಲೆಗಿಂತ ಕಡಿಮೆ ಅಪರಾಧಕ್ಕಾಗಿ ಶಿಕ್ಷೆಯಾಯಿತು, ಪೊಲೀಸ್ ಅಧಿಕಾರಿಗಳು ಖುಲಾಸೆಯಾದರು. ಭಾರತಕ್ಕೂ ಈ ಕಥೆ ಒಮ್ಮೆ ಬಂದುಹೋಗಿದೆ: ವಸಿಲಿಕೋಸ್ ಅವರ ಕಾದಂಬರಿಯನ್ನೇ ಆಧರಿಸಿ ದಿಬಾಕರ್ ಬ್ಯಾನರ್ಜಿ 2012ರಲ್ಲಿ ‘ಶಾಂಘೈ’ ಎಂಬ ಹಿಂದಿ ಚಿತ್ರ ಮಾಡಿದರು. ಅಲ್ಲಿ ತನಿಖಾ ನ್ಯಾಯಾಧೀಶನ ಜಾಗದಲ್ಲಿ ವಿಚಾರಣಾ ಆಯೋಗವನ್ನು ನಡೆಸುವ ಐಎಎಸ್ ಅಧಿಕಾರಿ ಇದ್ದಾನೆ. ನಮ್ಮ ವ್ಯವಸ್ಥೆಯಲ್ಲಿ ಆ ಕೆಲಸ ಯಾರ ಮೇಜಿಗೆ ಬಂದು ಬೀಳುತ್ತದೆ ಎಂಬುದನ್ನು ಯೋಚಿಸಿ ಮಾಡಿದ ಬದಲಾವಣೆ ಅದು.

ತ್ರಂತಿನ್ಯಾಂ ನಟಿಸಿದ ಪಾತ್ರದ ಹಿಂದಿದ್ದ ನಿಜವಾದ ನ್ಯಾಯಾಧೀಶ ಕ್ರಿಸ್ತೋಸ್ ಸಾರ್ತ್ಝೆತಾಕಿಸ್. ಕೊಲೆ ನಡೆದಾಗ ಅವರಿಗಿನ್ನೂ ಮೂವತ್ತನಾಲ್ಕು ವರ್ಷವೇ. ಕರ್ನಲ್‌ಗಳ ಸರ್ಕಾರ 1968ರಲ್ಲಿ ಅವರನ್ನು ಸೇವೆಯಿಂದ ತೆಗೆಯಿತು, ಮುಂದೆ ಬಂಧಿಸಿ ಹಿಂಸಿಸಿತು. 1974ರ ಜುಲೈಯಲ್ಲಿ ಆ ಆಡಳಿತ ಕುಸಿದ ಮೇಲೆ ಅವರು ನ್ಯಾಯಾಂಗಕ್ಕೆ ಮರಳಿದರು. 1985ರಲ್ಲಿ ಗ್ರೀಸಿನ ಸಂಸತ್ತು ಅವರನ್ನು ದೇಶದ ಅಧ್ಯಕ್ಷರನ್ನಾಗಿ ಆಯ್ಕೆ ಮಾಡಿತು, ಐದು ವರ್ಷ ಅವರು ಆ ಹುದ್ದೆಯಲ್ಲಿದ್ದರು. ಅಥೆನ್ಸಿನಲ್ಲಿ ಪ್ರತಿವರ್ಷ ನಡೆಯುವ ಮ್ಯಾರಥಾನ್ ಓಟವನ್ನು ಲಂಬ್ರಾಕಿಸ್ ಅವರ ನೆನಪಿಗೆ ಅರ್ಪಿಸಲಾಗಿದೆ. ಒಂದು ಕಾಲದಲ್ಲಿ ಒಬ್ಬರೇ ಬ್ಯಾನರ್ ಹಿಡಿದು ನಡೆದ ಆ ದಾರಿಯಲ್ಲಿ ಈಗ ಸಾವಿರಾರು ಜನ ಓಡುತ್ತಾರೆ.